ಒಂದೇ ಒಂದು ಗೇಮ್ ಹೇಳಣ್ಣ

"ಅವನು ಮಾತೇ ಆಡಲ್ಲ ಕಣೋ. ಊಟ ತಂದಿಟ್ರೆ ಊಟ, ಕಾಫಿ ತಂದಿಟ್ರೆ ಕಾಫಿ. ಇಲ್ಲಾಂದ್ರೆ ಗೋಡೆ ಕಡೆ ಮುಖ. ನಿನ್ನ ಹಳೇ ಕಂಪ್ಯೂಟರ್ ಇದ್ಯಲ್ಲ ಇಲ್ಲಿ, ಅದಕ್ಕೆ ಏನಾದ್ರೂ ಆಟಾನಾದ್ರೂ ಹಾಕ್ಕೊಡು..."

ಅಮ್ಮನ ಬಾಯಲ್ಲಿ ಈ ಮಾತು ಬರುತ್ತೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ. ಪರೀಕ್ಷೆ ಬಂತು ಅಂದ್ರೆ ಟಿವಿ ಗೇಮಿನ ಅಡಾಪ್ಟರನ್ನು ಅಕ್ಕಿ ಡಬ್ಬದೊಳಗೆ ಹುಗಿದಿಡುತ್ತಿದ್ದ ಹೆಂಗಸು ನಮ್ಮಮ್ಮ! (ಆ ಡಬ್ಬದಲ್ಲಿದೆ ಅಂತ ನಮಗಿಬ್ಬರಿಗೂ ಗೊತ್ತಿತ್ತು. ಅಕ್ಕಿಯೊಳಗೆ ಕೈ ಹಾಕಿದರೆ ಮೊಣಕೈವರೆಗೆ ಬಿಳಿ ಪುಡಿ ಅಂಟಿ ಸಿಕ್ಕಿಬೀಳುತ್ತಿದ್ದೆವು, ಅಷ್ಟೇ :-) )

ವಿಷಯ ಏನಪ್ಪಾ ಅಂದ್ರೆ, ೨೦೨೫ರ ಜೂನ್ ತಿಂಗಳಲ್ಲಿ ನನ್ನ ತಮ್ಮ ಕೊಪ್ಪದಿಂದ ತೀರ್ಥಹಳ್ಳಿಗೆ ಬರುವಾಗ ಬೈಕಿಂದ ಬಿದ್ದ. ಸಂಜೆ ಹೊತ್ತು, ಜೋರು ಮಳೆ. ಮೊಣಕಾಲಿನ ಕೆಳಗೆ ಮೂಳೆ ಮುರಿದು ರಾಡ್ ಹಾಕಿದರು. ಆರು ವಾರ ಕಾಲು ನೆಲಕ್ಕೆ ಊರುವಂತಿಲ್ಲ ಅಂದರು ಡಾಕ್ಟರು. ಜುಲೈನಲ್ಲಿ ಸೇರಬೇಕಿದ್ದ ಮೊದಲ ಕೆಲಸ ಅದರ ಜತೆಗೇ ಹೋಯ್ತು. ಆ ಬೈಕ್ ಕೊಡಿಸಿದ್ದು ನಾನು. ಇದನ್ನು ಮನೆಯಲ್ಲಿ ಯಾರೂ ಒಂದು ಸಲಾನೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಅವತ್ತು ರಾತ್ರಿ ಅವನಿಗೆ ಫೋನ್ ಮಾಡಿದೆ. ಹತ್ತು ಸಲ "ಹೂಂ" ಅಂದ. ಇಡುವಾಗ ಮಾತ್ರ, "ಒಂದೇ ಒಂದು ಗೇಮ್ ಹೇಳಣ್ಣ. ಹತ್ತು ಹೇಳ್ಬೇಡ. ನೀನು ಹತ್ತು ಹೇಳ್ತೀಯ, ನಾನು ಒಂದೂ ಆಡಲ್ಲ" ಅಂದ.

ಒಂದೇ ಒಂದು! ಹನ್ನೆರಡು ವರ್ಷದಿಂದ ಈ ಒಂದೇ ಜಾತಿಯ ಗೇಮ್‌ಗಳನ್ನು ಹುಚ್ಚನ ಹಾಗೆ ಆಡಿಕೊಂಡು ಬಂದವನಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ.

ಯಾವ ಜಾತಿ ಅಂತ ಹೇಳಬೇಕಲ್ಲ. ನಿಮ್ಮಲ್ಲಿ ಗೇಮ್ ಆಡುವವರು ಎಷ್ಟು ಜನ ಇದ್ದೀರೋ, ಆಡದವರಿಗಾಗಿ ಸ್ವಲ್ಪ ವಿವರಿಸ್ತೀನಿ, ಆಡುವವರು ಒಂದು ಪ್ಯಾರಾ ಹಾರಿಸಿಕೊಳ್ಳಿ. ನಮ್ಮಜ್ಜಿ ಮನೆ ಹಳೇ ಕಾಲದ ದೊಡ್ಡ ಮನೆ. ಚಿಕ್ಕವರಿದ್ದಾಗ ಅಲ್ಲಿ ಅರ್ಧ ಮನೆ ನಮಗೆ ಇಲ್ಲ. ಅಟ್ಟಕ್ಕೆ ಏಣಿ ಹಾಕಿದರೂ ಮೊದಲ ಮೆಟ್ಟಿಲು ಎಟಕುತ್ತಿರಲಿಲ್ಲ. ಒಳಕೋಣೆಯ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಹಿತ್ತಿಲ ಬಾಗಿಲ ಅಗಳಿ ತೆಗೆಯೋಕೆ ಶಕ್ತಿ ಸಾಲದು. ಪ್ರತಿ ಬೇಸಿಗೆ ರಜೆಗೆ ಹೋದಾಗಲೂ ಒಂದೊಂದು ಜಾಗ ತೆರೆದುಕೊಳ್ಳುತ್ತಿತ್ತು. ಒಂದು ವರ್ಷ ಅಗಳಿ, ಇನ್ನೊಂದು ವರ್ಷ ಅಟ್ಟ. ಮನೆ ಅದೇ. ಬೆಳೆದಿದ್ದು ನಾವು. ಈ ಗೇಮ್‌ಗಳೂ ಹಾಗೇ. ಪಕ್ಕದಿಂದ ನೋಡಿದ ಹಾಗೆ ಕಾಣುವ ಒಂದು ದೊಡ್ಡ ಜಗತ್ತು, ಕೋಣೆಗೆ ಕೋಣೆ ಅಂಟಿಕೊಂಡಿರುತ್ತೆ. ಎಟಕದ ಅಂಚು, ಸಣ್ಣ ಬಿಲ, ತೆರೆಯದ ಬಾಗಿಲು ಕಣ್ಣಿಗೆ ಕಾಣುತ್ತಾ ಇರುತ್ತೆ. ಎಲ್ಲೋ ದೂರದಲ್ಲಿ ಎರಡು ಸಲ ಹಾರುವ ಶಕ್ತಿ ಸಿಕ್ಕಾಗ, "ಅಯ್ಯೋ, ಅವತ್ತು ಅಲ್ಲೊಂದು ಅಂಚಿತ್ತಲ್ಲ!" ಅಂತ ನೆನಪಾಗಿ ವಾಪಸ್ ಓಡಬೇಕು. ಇದಕ್ಕೆ ಮೆಟ್ರಾಯ್ಡ್‌ವೇನಿಯಾ ಅಂತ ಹೆಸರು. ಮೆಟ್ರಾಯ್ಡ್ ಮತ್ತು ಕ್ಯಾಸಲ್‌ವೇನಿಯಾ ಅನ್ನೋ ಎರಡು ಗೇಮ್‌ಗಳ ಹೆಸರನ್ನು ಬಲವಂತವಾಗಿ ಮದುವೆ ಮಾಡಿಸಿ ಹುಟ್ಟಿಸಿದ ಪದ. ಪದ ಚೆನ್ನಾಗಿಲ್ಲ, ಒಪ್ಕೋತೀನಿ.

ನಾವಿಬ್ಬರೂ ಟಿವಿ ಗೇಮಲ್ಲಿ ಆಡಿದ್ದು ಮಾರಿಯೋ, ಕಾಂಟ್ರಾ. ಆ ೧೯೮೫ರ ಮಾರಿಯೋದಲ್ಲಿ ಒಂದು ವಿಚಿತ್ರ ಇದೆ, ಗಮನಿಸಿದ್ದೀರಾ? ಪರದೆ ಬಲಕ್ಕೆ ಮಾತ್ರ ಸರಿಯುತ್ತೆ. ಬಿಟ್ಟು ಬಂದ ನಾಣ್ಯ ಬೇಕು ಅಂತ ಹಿಂದೆ ತಿರುಗಿದರೆ ಪರದೆಯ ಎಡ ಅಂಚೇ ಗೋಡೆ. ಹೋದದ್ದು ಹೋಯ್ತು. ಅದರ ಮಾರನೇ ವರ್ಷ, ೧೯೮೬ರಲ್ಲಿ, ಅದೇ ನಿಂಟೆಂಡೋ ಕಂಪನಿಯಿಂದ ಮೆಟ್ರಾಯ್ಡ್ ಬಂತು. ಅದರಲ್ಲಿ ಶುರುವಿನಲ್ಲೇ ಅಭ್ಯಾಸ ಬಲದಿಂದ ಬಲಕ್ಕೆ ಓಡಿದರೆ ಸ್ವಲ್ಪ ದೂರಕ್ಕೆ ಒಂದು ಸಣ್ಣ ಸಂದಿ ಎದುರಾಗಿ ದಾರಿ ಬಂದ್. ವಾಪಸ್ ಬಂದು ಎಡಕ್ಕೆ ಹೋಗಬೇಕು. ಅಲ್ಲಿ ಚೆಂಡಿನ ಹಾಗೆ ಮುದುಡಿಕೊಳ್ಳುವ ಶಕ್ತಿ ಸಿಗುತ್ತೆ, ಆಮೇಲೆ ಆ ಸಂದಿಯಲ್ಲಿ ಉರುಳಿಕೊಂಡು ಹೋಗಬಹುದು. ಒಂದಕ್ಷರ ಉಪದೇಶ ಇಲ್ಲದೆ, ಮೊದಲ ನಿಮಿಷದಲ್ಲೇ ಪಾಠ ಮುಗೀತು.

ಸರಿ, ಆಯ್ಕೆ ಮಾಡಬೇಕಲ್ಲ. ಇಂಜಿನಿಯರ್ ತಾನೇ ನಾನು, ಎಕ್ಸೆಲ್ ಶೀಟ್ ತೆರೆದೆ. ಮ್ಯಾಪ್, ಓಡಾಟದ ಹಿತ, ಬಾಸ್‌ಗಳು, ಸಂಗೀತ, ಗುಟ್ಟುಗಳು ಅಂತ ಐದು ಕಾಲಮ್ಮು, ಒಂದೊಂದಕ್ಕೆ ಹತ್ತು ಮಾರ್ಕು. ಸಂಗೀತಕ್ಕೆ ತೂಕ ಕಡಿಮೆ, ಮ್ಯಾಪಿಗೆ ಜಾಸ್ತಿ. ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ಬೇಕಾದ ಗೇಮ್ ಮೊದಲು ಬರಲಿಲ್ಲ. ತೂಕ ಬದಲಿಸಿದೆ. ಆಗಲೂ ಬರಲಿಲ್ಲ. ಮತ್ತೆ ಬದಲಿಸಿದೆ. ಆಫೀಸಲ್ಲಿ ಎಸ್ಟಿಮೇಟ್ ಕೊಡೋದೂ ಹೀಗೇ ಅಲ್ವಾ, ಉತ್ತರ ಮೊದಲು ಬರೆದು ಲೆಕ್ಕ ಆಮೇಲೆ :-)

ನನಗೆ ಬೇಕಾದದ್ದು ಸೂಪರ್ ಮೆಟ್ರಾಯ್ಡ್. ೧೯೯೪ರದ್ದು, ಅಂದ್ರೆ ನಾನು ಹುಟ್ಟೋಕಿಂತ ಮುಂಚಿನದು. ನಾನು ಆಡಿದ್ದು ಬೆಂಗಳೂರಿನ ರೂಮ್‌ಮೇಟೊಬ್ಬನ ಸ್ವಿಚ್‌ನಲ್ಲಿ, ಅವನು ನೈಟ್ ಶಿಫ್ಟಿಗೆ ಹೋದ ಮೇಲೆ. ಸೇಮಸ್ ಅನ್ನೋ ನಾಯಕಿ ಒಂದು ಗ್ರಹಕ್ಕೆ ಇಳೀತಾಳೆ. ಮಳೆ, ಮಿಂಚು. ಮೊದಲ ಹತ್ತು ನಿಮಿಷ ಹೊಡೆಯೋಕೆ ಹೆಚ್ಚುಕಡಿಮೆ ಏನೂ ಇಲ್ಲ. ಖಾಲಿ ಕೋಣೆಗಳು. ೧೯೮೬ರ ಗೇಮಿನ ಕೊನೆಯ ಯುದ್ಧ ನಡೆದ ಜಾಗ ಹಾಳುಬಿದ್ದು ಹಾಗೇ ಇದೆ, ಅದರ ಮೂಲಕವೇ ನಡೆದುಕೊಂಡು ಹೋಗಬೇಕು. ಕೆಳಗಿಳಿದು ಚೆಂಡಾಗುವ ಶಕ್ತಿ, ಮಿಸೈಲು ತಗೊಂಡು ವಾಪಸ್ ಬಂದರೆ ಅದೇ ಖಾಲಿ ಕೋಣೆಗಳಲ್ಲಿ ಈಗ ಶತ್ರುಗಳು ಕಾದಿದ್ದಾರೆ. ಯಾರೋ ನಿಮ್ಮನ್ನು ನೋಡಿಬಿಟ್ಟಿದ್ದಾರೆ! ಇದನ್ನು ಹೇಳೋಕೆ ಒಂದೇ ಒಂದು ಸಂಭಾಷಣೆ ಇಲ್ಲ.

ಇನ್ನೊಂದು ಕಡೆ ಆಳವಾದ ಬಾವಿಯಂಥ ಜಾಗಕ್ಕೆ ಬಿದ್ದುಬಿಡ್ತೀವಿ. ಮೇಲೆ ಹತ್ತೋಕೆ ದಾರಿ ಇಲ್ಲ. ಅಲ್ಲಿ ಮೂರು ಪುಟ್ಟ ಪ್ರಾಣಿಗಳು ಗೋಡೆಯಿಂದ ಗೋಡೆಗೆ ಒದ್ದುಕೊಂಡು ಮೇಲೆ ಹತ್ತಿ ತೋರಿಸ್ತವೆ. ನೋಡಿ ನೋಡಿ ನಾವೂ ಮಾಡಬೇಕು. ನಾನು ಒಂದು ಗಂಟೆ ಒದ್ದಾಡಿದೆ. ತಮಾಷೆ ಅಂದ್ರೆ ಅದು ಹೊಸ ಶಕ್ತಿ ಅಲ್ಲವೇ ಅಲ್ಲ, ಗೇಮ್ ಶುರುವಾದಾಗಿನಿಂದ ನಮ್ಮ ಕೈಯಲ್ಲೇ ಇತ್ತು. ಗೊತ್ತಿರಲಿಲ್ಲ ಅಷ್ಟೆ. ಕೊನೆಗೆ ಗ್ರಹ ಸಿಡಿಯೋಕೆ ಮೂರು ನಿಮಿಷ ಇದೆ, ಗಡಿಯಾರ ಓಡ್ತಾ ಇದೆ, ನೀವು ಹಡಗಿನ ಕಡೆ ಓಡ್ತಾ ಇದ್ದೀರಿ. ದಾರಿಯಲ್ಲಿ ಪಕ್ಕಕ್ಕೆ ತಿರುಗಿ ಒಂದು ಕೋಣೆ ಹೊಕ್ಕರೆ ಅದೇ ಪ್ರಾಣಿಗಳು ಸಿಕ್ಕಿಹಾಕಿಕೊಂಡಿವೆ. ಗೋಡೆ ಒಡೆದು ಬಿಡಿಸಬಹುದು. ಬಿಡಿಸಿದರೆ ಅಂಕ ಇಲ್ಲ, ಬಹುಮಾನ ಇಲ್ಲ. ಗ್ರಹ ಸಿಡಿಯುವಾಗ ಒಂದು ಚುಕ್ಕೆ ಮಾತ್ರ ಪಕ್ಕದಿಂದ ಹಾರಿಹೋಗೋದು ಕಾಣುತ್ತೆ. ಅದೂ ಕಣ್ಣು ಚುರುಕಿದ್ದರೆ. ಗೇಮ್ಸ್ ಡನ್ ಕ್ವಿಕ್ ಅಂತ ದತ್ತಿ ಸಂಸ್ಥೆಗಳಿಗೆ ದುಡ್ಡೆತ್ತುವ ಕಾರ್ಯಕ್ರಮ ನಡೆಯುತ್ತಲ್ಲ, ಗೇಮ್‌ಗಳನ್ನು ಅತಿವೇಗದಲ್ಲಿ ಮುಗಿಸಿ ತೋರಿಸೋದು, ಅದರಲ್ಲಿ ಈ ಪ್ರಾಣಿಗಳನ್ನು ಉಳಿಸಬೇಕೋ, ಸೆಕೆಂಡು ಉಳಿಸಬೇಕೋ ಅಂತ ಜನ ದುಡ್ಡು ಹಾಕಿ ಜಗಳ ಆಡ್ತಾರೆ. ನಾನು ಮೊದಲ ಸಲ ಆಡಿದಾಗ ಉಳಿಸಲಿಲ್ಲ. ಆ ಕೋಣೆ ಇದೆ ಅಂತಲೇ ಗೊತ್ತಿರಲಿಲ್ಲ.

ಆದರೆ ತಮ್ಮನಿಗೆ ಇದನ್ನು ಕೊಡೋದು ಹೇಗೆ? ನಿಂಟೆಂಡೋದವರ ಗೇಮು ನಿಂಟೆಂಡೋದವರ ಯಂತ್ರದಲ್ಲೇ ಆಡಬೇಕು. ಊರಲ್ಲಿರೋದು ನಾನು ಕಾಲೇಜಲ್ಲಿ ಉಜ್ಜಿದ ಲ್ಯಾಪ್‌ಟಾಪು. ನಾಲ್ಕು ಜಿಬಿ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಬ್ಯಾಟರಿ ಸತ್ತಿದೆ, ಬೀಸಣಿಗೆ ಹಿಟ್ಟಿನ ಗಿರಣಿ ಥರ ಸದ್ದು ಮಾಡುತ್ತೆ. ಹಾಗಾಗಿ ಶೀಟಿಗೆ ಆರನೇ ಕಾಲಮ್ ಸೇರಿತು: "ಓಡುತ್ತಾ?"

ಆ ಕಾಲಮ್ಮಿಗೆ ಮೊದಲ ಬಲಿ ಓರಿ. ೨೦೧೫ರ ಓರಿ ಅಂಡ್ ದ ಬ್ಲೈಂಡ್ ಫಾರೆಸ್ಟ್ ನೋಡೋಕೆ ಚಿತ್ರ ಬರೆದ ಹಾಗಿದೆ. ಒಂದು ದೈತ್ಯ ಮರದೊಳಗೆ ನೀರು ಮೇಲೇರುತ್ತಾ ಬರುತ್ತೆ, ತಪ್ಪಿಸಿಕೊಂಡು ಹತ್ತಬೇಕು. ಆ ಒಂದು ಓಟದಲ್ಲಿ ಅದೆಷ್ಟು ಸಲ ಮುಳುಗಿದೆನೋ. ಆದರೆ ಹಳೇ ಲ್ಯಾಪ್‌ಟಾಪಲ್ಲಿ ಅದು ಸ್ಲೈಡ್ ಶೋ. ಮೇಲಾಗಿ ಶುರುವಿನಲ್ಲೇ ಸಾಕಿದ ತಾಯಿ ತನ್ನ ಪಾಲಿನ ಹಣ್ಣು ಕೊಟ್ಟು ಹಸಿವಿನಿಂದ ಸಾಯ್ತಾಳೆ. ಮಲಗಿರೋ ಹುಡುಗನಿಗೆ ಅದು ಯಾಕೆ ಬೇಕು. ೨೦೨೪ರ ಪ್ರಿನ್ಸ್ ಆಫ್ ಪರ್ಷಿಯಾ: ದ ಲಾಸ್ಟ್ ಕ್ರೌನ್ ಕೂಡ ಅದೇ ಕಾರಣಕ್ಕೆ ಹೋಯ್ತು, ಬೇಜಾರಾಯ್ತು. ಅದರಲ್ಲಿ ಒಂದು ಅದ್ಭುತ ಸೌಲಭ್ಯ ಇದೆ: ಈಗ ಎಟಕದ ಜಾಗ ಕಂಡರೆ ಅಲ್ಲೇ ಒಂದು ಫೋಟೋ ತೆಗೆದು ಮ್ಯಾಪಿಗೆ ಅಂಟಿಸಿಬಿಡಬಹುದು. ನಾನು ಹಿಂದೆಲ್ಲ ಆಫೀಸ್ ಡೈರಿಯಲ್ಲಿ "ಕೆಂಪು ಬಾಗಿಲು, ಜಲಪಾತದ ಎಡಕ್ಕೆ" ಅಂತೆಲ್ಲ ಗೀಚಿಕೊಳ್ಳುತ್ತಿದ್ದೆ. ಮೂವತ್ತು ವರ್ಷ ಯಾರಿಗೂ ಯಾಕೆ ಹೊಳೀಲಿಲ್ಲ ಇದು!

ಸಿಂಫನಿ ಆಫ್ ದ ನೈಟ್ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಜಾತಿಯ ಅಭಿಮಾನಿಗಳು ನನ್ನ ಮನೆಗೇ ಬರ್ತಾರೆ. ೧೯೯೭ರ ಕ್ಯಾಸಲ್‌ವೇನಿಯಾ, ಮೆಟ್ರಾಯ್ಡ್‌ವೇನಿಯಾ ಪದದ ದ್ವಿತೀಯಾರ್ಧ ಬಂದಿದ್ದೇ ಇಂಥವುಗಳಿಂದ. ಡ್ರಾಕುಲಾನ ಮಗ ಅಲುಕಾರ್ಡ್ ಕೋಟೆಯೊಳಗೆ ಬರ್ತಾನೆ. ಸಾವೇ ಖುದ್ದು ಎದುರಿಗೆ ಬಂದು ಅವನ ಒಳ್ಳೊಳ್ಳೆ ಆಯುಧಗಳನ್ನೆಲ್ಲ ಕಿತ್ಕೊಂಡು ಹೋಗುತ್ತೆ. ಕೋಟೆ ಸುತ್ತಿ ಮುಗೀತು ಅಂದುಕೊಂಡರೆ, ಸರಿಯಾದ ಕನ್ನಡಕ ಹಾಕಿಕೊಂಡು ಸರಿಯಾದ ಕಡೆ ಹೊಡೆದವರಿಗೆ, ಅದೇ ಕೋಟೆ ತಲೆಕೆಳಗಾಗಿ ಇನ್ನೊಂದು ಸಲ ಸಿಗುತ್ತೆ. ಅದಕ್ಕೇ ಅದರ ಮ್ಯಾಪ್ ನೂರಲ್ಲ, ೨೦೦.೬ ಪರ್ಸೆಂಟ್! ಮಿಚಿರು ಯಮಾನೆ ಅವರ ಸಂಗೀತ ನಾನು ಈಗಲೂ ಕೋಡ್ ಬರೆಯುವಾಗ ಕೇಳ್ತೀನಿ. ಆದರೆ ನಿಜ ಹೇಳ್ತೀನಿ, ದ್ವಿತೀಯಾರ್ಧ ಸಡಿಲ. ಕ್ರಿಸೇಗ್ರಿಮ್ ಅನ್ನೋ ಕತ್ತಿಗಾಗಿ ತಲೆಕೆಳಗಾದ ಲೈಬ್ರರಿಯಲ್ಲಿ ಒಂದೇ ಪಿಶಾಚಿಯನ್ನು ಎರಡು ಗಂಟೆ ಹೊಡೆದೆ. ಸಿಕ್ಕ ಮೇಲೆ ಗೇಮಲ್ಲಿ ಏನೂ ಉಳೀಲಿಲ್ಲ. ೨೦೦೩ರ ಆರಿಯಾ ಆಫ್ ಸಾರೋ ಅದಕ್ಕಿಂತ ಚಿಕ್ಕದು, ಚೊಕ್ಕದು, ಕೊಂದ ಶತ್ರುವಿನ ಆತ್ಮ ಸಿಕ್ಕರೆ ಅದರ ವಿದ್ಯೆ ನಿಮ್ಮದು. ಅದಕ್ಕೆ ನಾನು ಜಾಸ್ತಿ ಮಾರ್ಕು ಕೊಟ್ಟಿದ್ದೇನೆ. ಬೈಯೋರು ಬೈಯಬಹುದು.

೨೦೨೧ರ ಮೆಟ್ರಾಯ್ಡ್ ಡ್ರೆಡ್, ಮತ್ತದೇ ನಿಂಟೆಂಡೋ ತಾಪತ್ರಯ. ೨೦೨೪ರ ಆ್ಯನಿಮಲ್ ವೆಲ್ ಓಡ್ತಿತ್ತೇನೋ. ಬಿಲ್ಲಿ ಬಾಸೋ ಅನ್ನೋ ಒಬ್ಬನೇ ಮನುಷ್ಯ ಏಳು ವರ್ಷ ಕೂತು, ಎಂಜಿನ್ನೂ ತಾನೇ ಬರೆದು ಮಾಡಿದ್ದು, ಇಡೀ ಗೇಮು ೪೦ ಎಂಬಿಗೂ ಕಡಿಮೆ. ನಮ್ಮ ಪ್ರಾಜೆಕ್ಟಿನ ಲಾಗಿನ್ ಪೇಜೇ ಅದಕ್ಕಿಂತ ಭಾರ ಇದೆ ಅನ್ನಿಸುತ್ತೆ ಒಮ್ಮೊಮ್ಮೆ. ಆದರೆ ಅದು ಪೂರ್ತಿ ಒಗಟು. ಅವನಿಗೆ ತಾಳ್ಮೆ ಇದೆಯೋ ಇಲ್ಲವೋ.

ಕೊನೆಗೆ ಹಾಲೋ ನೈಟ್ ಅಂತ ತೀರ್ಮಾನ ಮಾಡಿದೆ. ೨೦೧೭ರದ್ದು, ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಅನ್ನೋ ಬೆರಳೆಣಿಕೆ ಜನರ ಗುಂಪು ಮಾಡಿದ್ದು. ಕಿಕ್‌ಸ್ಟಾರ್ಟರಲ್ಲಿ ಚಂದಾ ಎತ್ತಿ ಶುರು ಮಾಡಿದ್ದರು. ಹಾಳುಬಿದ್ದ ಹುಳುಗಳ ರಾಜ್ಯ, ನೆಲದಡಿ. ಇದರ ಮ್ಯಾಪಿನ ವಿಷಯ ಹೇಳಲೇಬೇಕು. ಹೊಸ ಜಾಗಕ್ಕೆ ಹೋದಾಗ ನಿಮ್ಮ ಹತ್ರ ಮ್ಯಾಪೇ ಇರಲ್ಲ. ಕಾರ್ನಿಫರ್ ಅಂತ ಒಬ್ಬ ನಕ್ಷೆ ಬರೆಯೋನು ಎಲ್ಲೋ ಕೂತಿರ್ತಾನೆ. ನೆಲದ ಮೇಲೆ ಕಾಗದದ ಚೂರು ಬಿದ್ದಿರುತ್ತೆ, ದೂರದಿಂದ ಅವನು ಗುನುಗೋದು ಕೇಳಿಸುತ್ತೆ, ಆ ಸದ್ದು ಹಿಡಿದು ಹುಡುಕಿಕೊಂಡು ಹೋಗಬೇಕು. ಅವನು ಮಾರೋದು ಅರ್ಧಂಬರ್ಧ ನಕ್ಷೆ. ಉಳಿದದ್ದನ್ನು ನೀವೇ ತುಂಬಿಸಿಕೊಳ್ಳಬೇಕು ಅಂದ್ರೆ ಊರಲ್ಲಿರೋ ಅವನ ಹೆಂಡತಿಯ ಅಂಗಡಿಯಲ್ಲಿ ಗರಿಲೇಖನಿ ಕೊಳ್ಳಬೇಕು. ಕೊಂಡರೂ, ಬೆಂಚಿನ ಮೇಲೆ ಕೂತಾಗ ಮಾತ್ರ ನಕ್ಷೆ ಬರೆಯಲ್ಪಡುತ್ತೆ. "ನಾನೆಲ್ಲಿದ್ದೀನಿ" ಅಂತ ಗೊತ್ತಾಗೋಕೂ ಬೇರೆ ದಿಕ್ಸೂಚಿ ಬೇಕು, ಅದನ್ನು ಧರಿಸಿದರೆ ಇನ್ನೊಂದು ತಾಯಿತಕ್ಕೆ ಜಾಗ ಇರಲ್ಲ. ಬೇರೆ ಗೇಮ್‌ಗಳು ಪುಕ್ಕಟೆ ಕೊಡೋದನ್ನೆಲ್ಲ ಇದು ಹೀಗೆ ಚಿಲ್ಲರೆ ಲೆಕ್ಕದಲ್ಲಿ ಮಾರುತ್ತೆ. ಅದಕ್ಕೇ ಇದರಲ್ಲಿ ದಾರಿ ತಪ್ಪೋದು ನಿಜವಾಗಿ ದಾರಿ ತಪ್ಪಿದ ಹಾಗೇ ಇರುತ್ತೆ. ಹೊಟ್ಟೆ ತಣ್ಣಗಾಗುತ್ತೆ.

ಜೂನ್ ಕೊನೆಯಲ್ಲಿ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿದ್ವಿ. ಮಳೆಗೆ ಕರೆಂಟು, ನೆಟ್‌ವರ್ಕು ಎರಡೂ ಕೈಕೊಟ್ಟು ಡೌನ್‌ಲೋಡ್‌ಗೆ ಎರಡು ರಾತ್ರಿ ಹಿಡೀತು. ಮೂರನೇ ದಿನ ಕೇಳಿದೆ, "ಹೇಗಿದ್ಯೋ?"

"ತೆಗೆದುಹಾಕಿದೆ ಅಣ್ಣ."

ಮೊದಲ ದೊಡ್ಡ ಬಾಸ್ ಹತ್ರ ಸತ್ತಿದ್ದಾನೆ. ಈ ಗೇಮಲ್ಲಿ ಸತ್ತರೆ ನಿಮ್ಮ ದುಡ್ಡೆಲ್ಲ ಸತ್ತ ಜಾಗದಲ್ಲೇ ನೆರಳಿನ ರೂಪದಲ್ಲಿ ಉಳಿಯುತ್ತೆ, ವಾಪಸ್ ಹೋಗಿ ಅದನ್ನು ಹೊಡೆದು ತಗೋಬೇಕು. ಹೋಗೋ ದಾರಿಯಲ್ಲೇ ಇನ್ನೊಮ್ಮೆ ಸತ್ತರೆ ಆ ದುಡ್ಡು ಖಾಯಂ ಹೋಯ್ತು. ಅವನಿಗೆ ಹಾಗೇ ಆಗಿದೆ. "ಬಿದ್ದ ಜಾಗಕ್ಕೇ ಮತ್ತೆ ಮತ್ತೆ ಹೋಗು ಅಂತಾರೆ. ಬೇಡ ಬಿಡು" ಅಂದ. ನಾನು ಆ ಗೇಮಿನ ಆ ನಿಯಮವನ್ನು ಎಷ್ಟು ಜನರ ಹತ್ರ ಹೊಗಳಿದ್ದೆನೋ. ಅವನಿಗೆ ಕೊಡುವಾಗ ಅದು ತಲೆಗೇ ಬಂದಿರಲಿಲ್ಲ.

ಆಮೇಲೆ ಶೀಟನ್ನು ಪಕ್ಕಕ್ಕಿಟ್ಟು, ಆ ಲ್ಯಾಪ್‌ಟಾಪಲ್ಲಿ ನಾನೇ ಕಾಲೇಜಲ್ಲಿ ಆಡಿದ್ದ ಕೇವ್ ಸ್ಟೋರಿ ಕಳಿಸಿದೆ. ಜಪಾನಿನ ದೈಸುಕೆ ಅಮಾಯಾ ಅನ್ನೋರು ಐದು ವರ್ಷ ಬಿಡುವಿನ ವೇಳೆಯಲ್ಲಿ ಒಬ್ಬರೇ ಕೂತು ಮಾಡಿ ೨೦೦೪ರಲ್ಲಿ ಪುಕ್ಕಟೆ ಹಂಚಿದ ಗೇಮು. ಚಿತ್ರ, ಸಂಗೀತ, ಕತೆ, ಕೋಡು, ಎಲ್ಲ ಅವರದೇ. ಅಭಿಮಾನಿಗಳು ಇಂಗ್ಲಿಷಿಗೆ ತಂದರು. ಆ ಹಳೇ ಪುಕ್ಕಟೆ ಆವೃತ್ತಿ ಕೆಲವೇ ಎಂಬಿ, ಮೇಲ್‌ನಲ್ಲೇ ಹೋಯ್ತು. ಮಡಿವಂತರು ಇದು ಮೆಟ್ರಾಯ್ಡ್‌ವೇನಿಯಾನೇ ಅಲ್ಲ ಅಂತಾರೆ, ದಾರಿ ನೇರ ಜಾಸ್ತಿ, ವಾಪಸ್ ಓಡಾಟ ಕಡಿಮೆ ಅಂತ. ಇರಬಹುದು. ನೆನಪಿಲ್ಲದ ಒಬ್ಬ ಹುಡುಗ ಗುಹೆಯಲ್ಲಿ ಎಚ್ಚರಾಗ್ತಾನೆ. ಮೊಲದಂಥ ಜೀವಿಗಳ ಹಳ್ಳಿ. ಬಂದೂಕಿಗೆ ಹಳದಿ ತ್ರಿಕೋನ ತಿನ್ನಿಸಿದರೆ ಬಲ ಹೆಚ್ಚುತ್ತೆ, ಪೆಟ್ಟು ತಿಂದರೆ ಅದೇ ಬಲ ಇಳಿಯುತ್ತೆ. ಸೋಪಿನ ಡಬ್ಬಿಗೆ ಕೈಕಾಲು ಬಂದ ಹಾಗಿರೋ ಬಾಲ್‌ರಾಗ್ ಅನ್ನೋ ಖಳ, ಅವನನ್ನು ಕಂಡರೆ ಸಿಟ್ಟೇ ಬರಲ್ಲ.

ನಾಲ್ಕು ದಿನಕ್ಕೆ ಅಮ್ಮ ಫೋನ್ ಮಾಡಿ, "ಅದ್ಯಾವುದೋ ಮೊಲದ ಆಟ, ಊಟಕ್ಕೆ ಕರೆದ್ರೆ ಇನ್ನೈದು ನಿಮಿಷ ಅಂತಾನೆ" ಅಂತ ದೂರಿದಳು. ದೂರುವಾಗ ದನಿಯಲ್ಲಿ ಇದ್ದ ಖುಷಿ ನನಗೆ ಕೇಳಿಸ್ತು.

ಜುಲೈನಲ್ಲಿ ಒಂದು ಶನಿವಾರ ಊರಿಗೆ ಹೋದೆ. ಹೊರಗೆ ಮಳೆ ಹೊಡೀತಾ ಇತ್ತು. ಅವನು ಮಂಚದ ಮೇಲೆ ಕಾಲು ನೀಡಿ, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಆಡ್ತಿದ್ದ. ನಾನು ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತೆ, ಚಿಕ್ಕವರಿದ್ದಾಗ ನಾನು ಆಡ್ತಿದ್ದೆ ಅವನು ಕೂತು ನೋಡ್ತಿದ್ದ, ಈಗ ತಿರುಗುಮುರುಗು. ಅವನು ಚಕ್ರವ್ಯೂಹದಂಥ ಜಾಗಕ್ಕೆ ಬಂದಿದ್ದ. ನನಗೆ ಎದೆ ಡವಗುಟ್ಟೋಕೆ ಶುರುವಾಯ್ತು, ಯಾಕಂದ್ರೆ ಮುಂದೆ ಏನಿದೆ ಅಂತ ಗೊತ್ತಲ್ಲ. ಈ ಗೇಮಿನ ಅತಿ ದೊಡ್ಡ ಗುಟ್ಟು ಅದೇ. ಬೂಸ್ಟರ್ ಅನ್ನೋ ವಯಸ್ಸಾದ ಪ್ರೊಫೆಸರ್ ಮೇಲಿಂದ ಗುಂಡಿಗೆ ಬೀಳ್ತಾನೆ. ಇಳಿದು ಮಾತಾಡಿಸಿದರೆ, ತಾನು ಮಾಡಿದ ಹಾರುವ ಯಂತ್ರ ಕೊಟ್ಟು ಪ್ರಾಣ ಬಿಡ್ತಾನೆ. ಮಾತಾಡಿಸದೆ, ಆ ಗುಂಡಿಯನ್ನು ಮೇಲಿಂದ ಮೇಲೇ ಹಾರಿ ಆಚೆ ಹೋಗಿಬಿಟ್ಟರೆ, ಅದೊಂದು ಕೂದಲೆಳೆಯ ಜಿಗಿತ, ಅವನು ಬದುಕಿ ಮುಂದೆ ಇನ್ನೂ ಒಳ್ಳೇ ಯಂತ್ರ ಕೊಡ್ತಾನೆ. ಒಳ್ಳೇ ಮುಕ್ತಾಯಕ್ಕೆ ದಾರಿ ಅದೊಂದೇ. ಇದನ್ನು ಗೇಮಲ್ಲಿ ಎಲ್ಲೂ ಹೇಳಲ್ಲ. ನಾನು ಕಾಲೇಜಲ್ಲಿ ಅಂತರ್ಜಾಲದಲ್ಲಿ ಓದಿ ತಿಳ್ಕೊಂಡು, "ಎಂಥಾ ಡಿಸೈನ್ ಮಾರಾಯ!" ಅಂತ ಹಾಸ್ಟೆಲ್ ತುಂಬಾ ಹೇಳ್ಕೊಂಡು ತಿರುಗಿದ್ದೆ. ಶೀಟಲ್ಲಿ ಗುಟ್ಟುಗಳು ಕಾಲಮ್ಮಿಗೆ ೯ ಕೊಟ್ಟಿದ್ದು ಇದಕ್ಕೇ.

ಪ್ರೊಫೆಸರ್ ಬಿದ್ದ. ತಮ್ಮ ಒಂದು ಕ್ಷಣಾನೂ ಯೋಚಿಸಲಿಲ್ಲ. ಇಳಿದ. ಮಾತಾಡಿಸಿದ. ಅವನು ಯಂತ್ರ ಕೊಟ್ಟು ಸತ್ತ.

"ಅಯ್ಯೋ, ಅಲ್ಲಿ ಹಾರಿ ಹೋಗ್ಬೇಕಿತ್ತು ಕಣೋ!" ಬಾಯಿ ತಡೀಲಿಲ್ಲ ನಂದು.

"ಯಾಕೆ?"

"ಮಾತಾಡಿಸಿದ್ರೆ ಸಾಯ್ತಾನೆ. ಹಾಗೇ ಹೋಗಿದ್ರೆ ಬದುಕ್ತಿದ್ದ."

ಅವನು ಆಟ ನಿಲ್ಲಿಸಿ ನನ್ನ ಕಡೆ ನೋಡ್ದ. "ಬಿದ್ದೋನನ್ನ ನೋಡ್ಕೊಂಡು ಹಾಗೇ ಹಾರ್ಕೊಂಡು ಹೋಗೋದಾ?"

ನಾನು ಏನೋ ಹೇಳೋಕೆ ಹೋದೆ, ಡಿಸೈನು ಗಿಸೈನು ಅಂತ. ಅವನು ಕೇಳ್ತಾ ಇರಲಿಲ್ಲ.

"ಮೊದ್ಲು ಒಂದು ಕಾರು ಬಂತಣ್ಣ. ಸ್ಲೋ ಮಾಡ್ದ. ಲೈಟು ನನ್ನ ಮೇಲೇ ಬಿದ್ದಿತ್ತು, ಕಾಣದೇ ಇರೋಕೆ ಸಾಧ್ಯಾನೇ ಇಲ್ಲ. ಹೋದ. ಆಮೇಲೆ ಇನ್ನೊಂದು ಗಾಡಿ, ಅದು ಸ್ಲೋನೂ ಮಾಡಿಲ್ಲ. ನೀರು ಮುಖದ ಮೇಲೆ ಹರೀತಾ ಇತ್ತು. ಕೂಗಿದ್ರೆ ಮಳೇಲಿ ನನಗೇ ಕೇಳ್ತಿರ್ಲಿಲ್ಲ."

ಹದಿನೈದು ಇಪ್ಪತ್ತು ದಿನ ಆಗಿತ್ತು. ಇದನ್ನು ಅವನು ಅಪ್ಪನಿಗೂ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. ಮೂರನೇದು ಲಗೇಜ್ ಆಟೋ. ಬಾಳೆಗೊನೆ ತುಂಬ್ಕೊಂಡು ಬರ್ತಿದ್ದವರು ನಿಲ್ಲಿಸಿ, ಅರ್ಧ ಗೊನೆಗಳನ್ನು ರಸ್ತೆ ಪಕ್ಕ ಮಳೇಲೇ ಇಳಿಸಿ, ಜಾಗ ಮಾಡಿ, ಇವನನ್ನು ಮಲಗಿಸ್ಕೊಂಡು ಆಸ್ಪತ್ರೆಗೆ ತಂದರು. ದಾರಿಯುದ್ದಕ್ಕೂ "ನಿದ್ದೆ ಮಾಡ್ಬೇಡ ತಮ್ಮಾ, ನಿದ್ದೆ ಮಾಡ್ಬೇಡ" ಅಂತಿದ್ರಂತೆ.

ತುಂಬಾ ಹೊತ್ತಾದ ಮೇಲೆ ನಾನು, "ಆ ಬೈಕ್ ನಾನು ಕೊಡಿಸಬಾರ್ದಿತ್ತು ಕಣೋ" ಅಂದೆ.

"ಬೈಕ್ ಏನು ಮಾಡ್ತು. ದನ ಅಡ್ಡ ಬಂತು" ಅಂದ. ಆಮೇಲೆ ಅಮ್ಮ ನೀರುದೋಸೆ ತಂದಳು, ತಿಂದ್ವಿ.

ಅವನು ಆಟ ಮುಂದುವರಿಸಿದ. ಆ ಗೇಮು ಅಷ್ಟಕ್ಕೇ ಬಿಡೋದೂ ಇಲ್ಲ. ಮುಂದೆ ಕರ್ಲಿ ಅನ್ನೋ ಗೆಳತಿ ನೀರಲ್ಲಿ ತನ್ನ ಗಾಳಿಯ ತೊಟ್ಟಿಯನ್ನು ನಿಮಗೆ ಕೊಟ್ಟು ತಾನು ಮುಳುಗ್ತಾಳೆ. ಗುಂಡಿ ಹಾರದೆ ಇಳಿದವರಿಗೆ ಅವಳನ್ನು ಕಟ್ಟಿ ಎಳೆದೊಯ್ಯೋ ಹಗ್ಗವೇ ಸಿಗಲ್ಲ. ಒಂದು ಸಲ ನಿಂತು ಮಾತಾಡಿಸಿದ್ದಕ್ಕೆ ಎರಡು ಸಾವು. ಮೂರು ಮುಕ್ತಾಯಗಳಲ್ಲಿ ನಡುವಿನದು ಅವನಿಗೆ ಸಿಕ್ಕಿತು. ಅವನೇನೂ ಬೇಜಾರು ಮಾಡ್ಕೊಳ್ಳಲಿಲ್ಲ. "ಗೇಮ್ ಚೆನ್ನಾಗಿದೆ. ಆ ಒಂದು ಜಾಗ ಸರಿ ಇಲ್ಲ" ಅಂದ. ನನಗೆ ಸೂಪರ್ ಮೆಟ್ರಾಯ್ಡಿನ ಆ ಚುಕ್ಕೆ ನೆನಪಾಯ್ತು. ಆ ಪ್ರಾಣಿಗಳ ವಿಷಯ ಅವನಿಗೆ ಹೇಳಿದೆ. "ಅದನ್ನ ಮೊದ್ಲು ಕೊಡೋದಲ್ವಾ" ಅಂದ. ಹೇಗೆ ಕೊಡ್ಲಿ ಮಾರಾಯ!

ಹತ್ತು ದಿನದ ಮೇಲೆ ರಾತ್ರಿ ಹನ್ನೊಂದೂವರೆಗೆ ಫೋನು. ಎದ್ದು ಬಿದ್ದು ಎತ್ತಿದೆ. "ಅಣ್ಣಾ, ಇಲ್ಲೂ ಮಳೆ!" ಅಂತಾನೆ. ಏನು ಅಂತ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಹಾಲೋ ನೈಟ್ ಮತ್ತೆ ಇಳಿಸಿಕೊಂಡಿದ್ದಾನೆ. ಆ ಬಾಸ್ ದಾಟಿದ್ದಾನೆ. ದಾಟಿ, ಕಣ್ಣೀರಿನ ನಗರಕ್ಕೆ ಬಂದಿದ್ದಾನೆ. ನೆಲದಡಿಯ ಊರು, ಆದರೂ ಎಡೆಬಿಡದೆ ಮಳೆ, ದೊಡ್ಡ ದೊಡ್ಡ ಕಿಟಕಿಯ ಗಾಜಿನ ಮೇಲೆ ಹರೀತಾ ಇರುತ್ತೆ. ಹಿನ್ನೆಲೆಯಲ್ಲಿ ಕ್ರಿಸ್ಟೋಫರ್ ಲಾರ್ಕಿನ್‌ನ ಮೆಲ್ಲನೆಯ ಸಂಗೀತ. "ನೆಲದೊಳಗೆ ಮಳೆ ಹೇಗಣ್ಣ ಬರುತ್ತೆ?" ಅಂತ ಕೇಳಿದ. ಆ ನಗರದ ಮೇಲೆ ಒಂದು ದೊಡ್ಡ ಸರೋವರ ಇದೆ, ಅದು ಸೋರೋದು ಇದು. ಬಹಳ ಮುಂದೆ, ಬೇರೆ ದಾರಿಯಲ್ಲಿ ಹೋದಾಗ ಆ ಸರೋವರ ಸಿಗುತ್ತೆ, ಯಾರೂ ಹೇಳದೆ ನಮಗೇ ಹೊಳೆಯುತ್ತೆ. ಈ ಸಲ ಬಾಯಿ ಬಿಗಿ ಹಿಡಿದೆ. "ಆಡು, ಗೊತ್ತಾಗುತ್ತೆ" ಅಂದೆ.

೨೦೨೫ರ ಸೆಪ್ಟೆಂಬರ್ ೪ಕ್ಕೆ ಅದರ ಮುಂದಿನ ಭಾಗ ಸಿಲ್ಕ್‌ಸಾಂಗ್ ಬಂತು. ೨೦೧೯ರಲ್ಲಿ ಘೋಷಿಸಿ ಆರೂವರೆ ವರ್ಷ ಕಾಯಿಸಿದ್ದರು. ಬಂದ ಗಳಿಗೆಯಲ್ಲಿ ಜಗತ್ತೇ ಮುಗಿಬಿದ್ದು ಸ್ಟೀಮ್ ಅಂಗಡಿ ನೆಲ ಕಚ್ಚಿತು. ನಾನು ಬೆಂಗಳೂರಲ್ಲಿ, ಅವನು ಊರಲ್ಲಿ, ಫೋನ್ ಸ್ಪೀಕರಿಗೆ ಹಾಕ್ಕೊಂಡು ಇಬ್ಬರೂ ರಿಫ್ರೆಶ್ ಒತ್ತಿದ್ದೇ ಒತ್ತಿದ್ದು. ಆ ಹೊತ್ತಿಗೆ ಅವನು ಕೋಲು ಹಿಡ್ಕೊಂಡು ಅಂಗಳದವರೆಗೆ ಓಡಾಡ್ತಿದ್ದ. ಸಿಲ್ಕ್‌ಸಾಂಗ್ ಅದರಪ್ಪನಂಥ ಕಷ್ಟ. ಅವನು ನನಗಿಂತ ಮುಂದಿದ್ದಾನೆ, ದಿನಾ ಫೋನ್ ಮಾಡಿ "ಎಲ್ಲಿದ್ದೀಯ?" ಅಂತ ಕಿಚಾಯಿಸ್ತಾನೆ.

ಹಾಗಾದ್ರೆ ಅತ್ಯುತ್ತಮ ಯಾವುದು ಅಂತೀರಾ? ಒಂದೇ ಹೇಳು ಅಂದ್ರೆ ನಾನು ಈಗಲೂ ಸೂಪರ್ ಮೆಟ್ರಾಯ್ಡ್ ಅಂತೀನಿ, ಅವನು ಹಾಲೋ ನೈಟ್ ಅಂತಾನೆ, ಅಮ್ಮನಿಗೆ ಮೊಲದ್ದು. ಎಕ್ಸೆಲ್ ಶೀಟು ಡೆಸ್ಕ್‌ಟಾಪಲ್ಲಿ ಹಾಗೇ ಇದೆ. ಕೇವ್ ಸ್ಟೋರಿಯ ಸಾಲಲ್ಲಿ ಗುಟ್ಟುಗಳಿಗೆ ಕೊಟ್ಟಿದ್ದ ೯ ಅಳಿಸಿದೆ. ಏನು ಹಾಕಬೇಕು ಅಂತ ಹೊಳೆಯದೆ ಖಾಲಿ ಬಿಟ್ಟಿದ್ದೀನಿ.

ಆ ಲಗೇಜ್ ಆಟೋದವರ ನಂಬರು ಅಪ್ಪನ ಹತ್ರ ಇತ್ತು. ಮುಂದಿನ ಸಲ ನಾನು ಊರಿಗೆ ಹೋದಾಗ ಇಬ್ಬರೂ ಅವರ ಮನೆಗೆ ಹೋಗಿ ಬರೋದು ಅಂತ ಮಾತಾಗಿದೆ. ರಸ್ತೆ ಪಕ್ಕ ಇಳಿಸಿದ ಬಾಳೆಗೊನೆ ಏನಾಯ್ತು ಅಂತ ಅವನಿಗೆ ಕೇಳ್ಬೇಕಂತೆ.